ತಿಥಿಯ ದಿನ ಬಂದವರು

ಚಿತ್ರದುರ್ಗದ ಕೋರ್ಟಿನ ಎದುರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ಮೈದುನ ನಿಂತಿದ್ದರು. ಐಮಂಗಲದ ಹತ್ತಿರ ಕುರಿ ತುಂಬಿದ ಲಾರಿ ಮಗುಚಿ ಅವಳ ಗಂಡ ಸತ್ತಿದ್ದನೆಂದು ಅವರ ಮಾತಿನಿಂದಲೇ ತಿಳಿಯಿತು.

“ಅತ್ತಿಗೆ, ಆ ಕಾಗದಕ್ಕೆ ಯಾಕೆ ಹೆಬ್ಬೆಟ್ಟು ಒತ್ತಿದ್ರಿ?”

“ಇನ್ಶೂರೆನ್ಸ್ ಕಂಪ್ನಿಯೋನು ತಿಥಿ ದಿನ ಮನೆಗೆ ಬಂದಿದ್ದ, ಪಾಲಯ್ಯ. ಪರಿಹಾರ ಬೇಗ ಬರ್ತೈತೆ ಅಂದ. ಒತ್ತಿಬಿಟ್ಟೆ.”

“ಅದರಾಗೆ ಏನು ಬರ್ದೈತೆ ಅಂತ ಓದಿ ಹೇಳ್ಲಿಲ್ವಾ?”

“ಇಲ್ಲ. ಇವತ್ತು ಅವರ ವಕೀಲ ಓದಿದಾಗ್ಲೇ ನಾನೂ ಕೇಳಿದ್ದು. ನಿಮ್ಮಣ್ಣ ದಾರಿಯಾಗೆ ಕೈ ಅಡ್ಡ ಹಾಕಿ ಸುಮ್ನೆ ಲಾರಿ ಹತ್ತಿದ್ರಂತೆ, ಹಂಗೆ ಹತ್ತಿದೋರಿಗೆ ಪರಿಹಾರ ಇಲ್ವಂತೆ.”

“ಕುರಿ ನಮ್ಮವು. ಸಂತೆಗೆ ಅಂತ ಲಾರಿ ಬಾಡಿಗೆಗೆ ಹಿಡಿದಿದ್ದೇ ಅಣ್ಣ. ಮಾಲಿನ ಜೊತೆ ಹೋಗೋ ಮಾಲೀಕ ಸತ್ರೆ ಕಂಪ್ನಿ ಪರಿಹಾರ ಕೊಡ್ಲೇಬೇಕು, ಹಂಗಂತ ಕಾನೂನೈತೆ ಅಂದ್ರು ನಮ್ಮ ವಕೀಲ್ರು.”

“ಆ ಕಾನೂನು ಅವ್ರಿಗೆ ಗೊತ್ತಿರಲಿಲ್ವಾ?”

“ಗೊತ್ತಿದ್ದಕ್ಕೇ ಅತ್ತಿಗೆ, ನಿಮ್ಮ ಹೆಬ್ಬೆಟ್ಟು ತಗಂಡೋಗಿದ್ದು.”



“ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ನಿಮ್ಮಣ್ಣನ ಫೋಟೋಕ್ಕೆ ಕೈ ಮುಗಿದ, ಪಾಲಯ್ಯ. ಉಣ್ಣಾಕೆ ಕುಂತ್ಕಳ್ರಿ ಅಂತ ನಾನೇ ಎಲೆ ಹಾಕಿ ಬಡಿಸಿದೆ.”

ತಾಳ್ಯದ ಬಸ್ಸು ಬಂತು. ಮೈದುನ ಅವಳ ರಟ್ಟೆ ಹಿಡಿದು ಹತ್ತಿಸಿ, ತಾನೂ ಹತ್ತಿಕೊಂಡ.