ಮಾಡದ ತಪ್ಪಿಗೆ ಕೈಮುಗಿದ ಡ್ರೈವರ್

ಒಂದು ಊರು. ಅಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಒಬ್ಬ ಸಾಹುಕಾರ. ದೈವಭಕ್ತ, ಕೊಡುಗೈಯವನು, ನಮ್ಮ ನಿಮ್ಮ ಹಾಗೇ ಒಳ್ಳೆಯವನು. ಅವನ ಟೆಂಪೋಗೆ ಒಬ್ಬ ಡ್ರೈವರ್. ಈ ಡ್ರೈವರಿಗೆ ಒಂದೇ ಆಸೆ, ಸರ್ಕಾರಿ ಬಸ್ಸು ಓಡಿಸಬೇಕು. ಅರ್ಜಿ ಹಾಕಿದ್ದ, ಪರೀಕ್ಷೆಯಲ್ಲಿ ಪಾಸೂ ಆಗಿದ್ದ.

ನೋಡಿ, ಡ್ರೈವರುಗಳಿಗೆ ಒಂದು ರೂಢಿ ಇರುತ್ತೆ. ಯಾರು ಗಾಡಿ ನಿಲ್ಲಿಸಿದರೂ ಕಿಟಕಿಯಲ್ಲೇ ಕೈಮುಗಿದು 'ತಪ್ಪಾಯ್ತು ಸಾರ್' ಅನ್ನೋದು. ತಪ್ಪೇನು ಅಂತ ಆಮೇಲೆ ಕೇಳೋದು! ಯಾಕೆ? ಬೇಗ ಬಿಟ್ಟರೆ ಸಾಕು, ಲೋಡು ಹೊತ್ತಿಗೆ ಮುಟ್ಟಿದರೆ ಸಾಕು.

ಒಂದು ಬೆಳಿಗ್ಗೆ ರಾಂಗ್ ಸೈಡಲ್ಲಿ ಬಂದ ಬೈಕು ಟೆಂಪೋಗೆ ಗುದ್ದಿತು. ಬೈಕಿನವನ ಕಾಲು ಮುರಿಯಿತು. ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಇದೇ ಡ್ರೈವರ್. ಕೇಸು ಬಿದ್ದಿದ್ದೂ ಇದೇ ಡ್ರೈವರ್ ಮೇಲೆ.

ಕೋರ್ಟಿಗೆ ಸಾಹುಕಾರನೇ ಜೊತೆಗೆ ಹೋದ.

"ಸಾವ್ಕಾರ್ರೆ, ನಂದೇನ್ ತಪ್ಪಿಲ್ರೀ."

"ಗೊತ್ತಪ್ಪಾ. ತಪ್ಪಿಲ್ಲ ಅಂದ್ರೆ ವರ್ಷಗಟ್ಲೆ ಅಲೀಬೇಕು. ಒಪ್ಕೊಂಡ್ಬಿಡು, ದಂಡ ನಾ ಕಟ್ತೀನಿ. ಅಲ್ಲಿ ಲೋಡು ನಿಂತೈತಿ."

ನ್ಯಾಯಾಧೀಶರು ಹೆಣ್ಣುಮಗಳು. ಎಷ್ಟು ಮೆತ್ತಗೆ ಕೇಳಿದರು ಗೊತ್ತಾ? "ವಕೀಲರು ಇದ್ದಾರೇನಪ್ಪ? ಇಲ್ಲದಿದ್ರೆ ಉಚಿತವಾಗಿ ಕೊಡಿಸ್ತೀವಿ. ಕೆಳಗಡೆನೇ ಕಾನೂನು ಸೇವಾ ಕಚೇರಿ ಇದೆ. ಯೋಚನೆ ಮಾಡಿ ಹೇಳು."

ಡ್ರೈವರ್ ಹಿಂದೆ ತಿರುಗಿ ನೋಡಿದ. ಸಾಹುಕಾರ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಷ್ಟೇ. ಡ್ರೈವರನ ಕೈ ತಾನಾಗಿಯೇ ಮುಗಿಯಿತು.

"ತಪ್ಪಾಯ್ತು ತಾಯಿ."

ಎರಡೇ ನಿಮಿಷ! ದಂಡ ಹಾಕಿದರು, ಸಾಹುಕಾರ ಕಟ್ಟಿದ. ಲೋಡು ಹೊತ್ತಿಗೆ ಸರಿಯಾಗಿ ಮುಟ್ಟಿತು.

ಎರಡು ತಿಂಗಳಾದ ಮೇಲೆ ಬಸ್ಸಿನ ಕೆಲಸದ ಕಾಗದ ಬಂತು. ಕೋರ್ಟಲ್ಲಿ ಶಿಕ್ಷೆಯಾಗಿದೆ, ಕೆಲಸ ಕೊಡಲಾಗದು ಅಂತ.

ಆಗ ಸಾಹುಕಾರ ಡ್ರೈವರನ್ನು ಕರಕೊಂಡು ಅದೇ ಕಾನೂನು ಸೇವಾ ಕಚೇರಿಗೆ ಓಡಿದ. ಆಗ! ಅಲ್ಲಿನ ವಕೀಲೆ ಕಾಗದ ತಿರುವಿ ಹಾಕಿ ಡ್ರೈವರಿಗೆ ಹೇಳಿದಳು: "ಅಣ್ಣಾ, ಬೈಕು ರಾಂಗ್ ಸೈಡಲ್ಲಿತ್ತು ಅಂತ ಪೊಲೀಸರ ನಕ್ಷೆಯಾಗೇ ಐತಲ್ರೀ! ಅವತ್ತೇ ಬಂದಿದ್ರೆ ಒಂದು ಪೈಸೆ ಇಲ್ದೆ ನಾನೇ ವಾದ ಮಾಡ್ತಿದ್ದೆ. ಈಗ ನೀವೇ ಒಪ್ಕೊಂಡೀರಿ. ಮೇಲಿನ ಕೋರ್ಟಿಗೆ ಅರ್ಜಿ ಹಾಕೋಣ, ಆದ್ರೆ ಭಾಳ ಕಷ್ಟ ಐತಿ."

ಡ್ರೈವರ್ ಬೈದನೇ? ಅತ್ತನೇ? ಇಲ್ಲ. ಸುಮ್ಮನೆ ಕೇಳಿದ: "ನಾಳೆ ಎಷ್ಟೊತ್ತಿಗ್ರೀ ಲೋಡು?"



ಹೇಳಿ, ಆ ಸಾಹುಕಾರ ಕೆಟ್ಟವನಾ? ಅಲ್ಲ. ಅವಸರದವನು. ನಮ್ಮ ಅವಸರಕ್ಕೆ ಎಷ್ಟು ಜನರ ಬಾಯಲ್ಲಿ ಸುಳ್ಳು ಹೇಳಿಸಿದ್ದೇವೆ? ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಲಿ, ಅದು ಧರ್ಮ. ಮಾಡದ ತಪ್ಪನ್ನು ಒಪ್ಪಿಸೋದು ಯಾವ ಧರ್ಮ ಸ್ವಾಮಿ?

ಈ ಪ್ರವಚನ ಮುಗಿಯಲಿ ಅಂತ ನಿಮ್ಮ ಡ್ರೈವರುಗಳು ಕಾರು, ವ್ಯಾನುಗಳಲ್ಲಿ ಈಗ ಹೊರಗೆ ಬಿಸಿಲಲ್ಲಿ ಕಾಯ್ತಾ ಕೂತಿದ್ದಾರಲ್ಲ, ಅವರಿಗೆ ಪ್ರಸಾದ ಒಯ್ದು ಕೊಡುತ್ತೀರಿ, ಸಂತೋಷ. ಅದರ ಜೊತೆಗೆ ಇವತ್ತು ಒಂದು ಮಾತನ್ನೂ ಕೊಡಿ. "ನಾಳೆ ಏನಾದರೂ ಕೇಸಾದರೆ ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಬೇಡ, ಗಾಬರಿಯಲ್ಲಿ ಒಪ್ಪಿಕೊಳ್ಳಬೇಡ. ಕೋರ್ಟಿನ ಕಾನೂನು ಸೇವಾ ಕಚೇರಿಗೆ ನಾನೇ ಕರಕೊಂಡು ಹೋಗ್ತೀನಿ" ಅನ್ನಿ. ಆ ದಿನ ಬಂದಾಗ ಕೆಲಸ ನಿಂತರೆ ನಿಲ್ಲಲಿ. ಅವನು ತಿರುಗಿ ನೋಡಿದಾಗ, ದಯವಿಟ್ಟು, ಅವನ ಮುಖವನ್ನೇ ನೋಡಿ.