ಹಸಿರು ಬಣ್ಣದ ಕೆಳಗಿನ ಕುದುರೆಮರಿ

ಹೆಸರು ಸತಾರ್‌ಕುಲ್, ತಂದೆಯ ಹೆಸರು ಮೊಲ್ದೊಗಾಜಿ. ವಯಸ್ಸು ನಲವತ್ತೇಳು. ತಾಷ್-ದೊಬೊ ಹಳ್ಳಿಯ ಶಾಲೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ವಾಸ ಅದೇ ಹಳ್ಳಿಯ ಕಾಲುವೆ ಬೀದಿ, ಜುಮ್ಗಾಲ್ ಜಿಲ್ಲೆ, ಕಿರ್ಗಿಸ್ತಾನ.

ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಠಾಣೆಗೆ ಬಂದಿದ್ದೇನೆ. ನನಗೆ ಗೊತ್ತಿರುವುದನ್ನು ನಡೆದ ಕ್ರಮದಲ್ಲೇ ತಮ್ಮ ಮುಂದೆ ಹೇಳಿ ಬರೆಸುತ್ತಿದ್ದೇನೆ.

ನನ್ನ ಹೆಂಡತಿ ಅನಿಪಾಳ ಸೋದರಮಾವ ತೊಲೊಮುಷ್ ನಮ್ಮ ಬೀದಿಯಲ್ಲೇ, ನಮ್ಮಿಂದ ಮೂರು ಮನೆ ಆಚೆ ಇದ್ದಾರೆ. ವಯಸ್ಸು ಎಪ್ಪತ್ತೊಂದು. ಹಿಂದೆ ಸಾಮೂಹಿಕ ಜಮೀನಿನ ಕುದುರೆಗಳನ್ನು ಮೇಯಿಸುತ್ತಿದ್ದರು. ಅನಿಪಾ ಚಿಕ್ಕವಳಿದ್ದಾಗಲೇ ಅವಳ ತಂದೆ ತೀರಿಕೊಂಡಿದ್ದರಿಂದ ಅವಳನ್ನು ಸಾಕಿ, ನನಗೆ ಮದುವೆ ಮಾಡಿಕೊಟ್ಟವರು ಇವರೇ. ಈ ವರ್ಷ ಏಪ್ರಿಲ್‌ನಲ್ಲಿ ಅವರು ಕಣ್ಣಿನ ಆಪರೇಷನ್ನಿಗೆ ಬಿಷ್ಕೆಕ್‌ಗೆ ಹೋಗಿದ್ದರು. ಆ ಚಳಿಗಾಲದ ಹಿಮಕ್ಕೆ ಅವರ ಕುರಿದೊಡ್ಡಿಯ ಮಾಡು ಕುಸಿದಿತ್ತು. ಶಾಲೆಯ ಬಾಯ್ಲರ್ ಆರಿಸಿ ನಾನು ಬಿಡುವಾಗಿದ್ದೆ. ಅವರ ಹೆಂಡತಿ, ನಮ್ಮ ಅತ್ತೆ, ಕರೆದು, ದೊಡ್ಡಿ ಖಾಲಿ ಮಾಡಿಕೊಡು ಎಂದರು.

ಹಿಂದಿನ ಗೋಡೆಗೆ ಒಟ್ಟಿದ್ದ ಹಳೆಯ ಬೆರಣಿಯನ್ನು ಸಲಿಕೆಯಿಂದ ತೆಗೆಯುವಾಗ ಒಂದು ಚಕ್ರ ಕಂಡಿತು. ಪೂರ್ತಿ ತೆಗೆದ ಮೇಲೆ ನೋಡಿದರೆ ಒಂದು ಮಿನ್ಸ್ಕ್ ಬೈಕು. ಸಣ್ಣ ಎಂಜಿನ್ನಿನ ಹಳೆಯ ಬೈಕು. ನಂಬರ್ ಪ್ಲೇಟು ಇರಲಿಲ್ಲ. ಬಾಗಿಲು ಕಿಟಕಿಗೆ ಬಳಿಯುವ ಹಸಿರು ಬಣ್ಣವನ್ನು ಟ್ಯಾಂಕಿನಿಂದ ಸ್ಪೋಕಿನವರೆಗೆ ಬ್ರಶ್ಶಿನಲ್ಲಿ ಬಳಿದಿದ್ದರು. ಇದನ್ನೇನು ಮಾಡಲಿ ಎಂದು ಅತ್ತೆಯನ್ನು ಕೇಳಿದೆ.

“ಆ ಹಾಳು ಕಬ್ಬಿಣಾನಾ? ಇವರು ಎಲ್ಲಿಂದಲೋ ಎಳ್ಕೊಂಡ್ ಬಂದಿದ್ರು. ಒಂದಿನಾನೂ ಗುರ್ ಅನ್ನಲಿಲ್ಲ. ತಗೊಂಡ್ ಹೋಗಪ್ಪಾ, ನನ್ನ ಕೋಳಿಗಾದ್ರೂ ಜಾಗ ಆಗುತ್ತೆ” ಎಂದು ಹೇಳಿದರು.

ಹದಿನಾರನೇ ವಯಸ್ಸಿನಲ್ಲಿ ಇಂಥದ್ದೇ ಬೈಕು ಬೇಕೆಂದು ನಾನು ಅಪ್ಪನನ್ನು ಕಾಡಿದ್ದೆ. ಅಪ್ಪ ಹಸು ತಂದರು. ಹಾಗಾಗಿ ಎರಡನೇ ಸಲ ಯಾರನ್ನೂ ಕೇಳದೆ ಬೈಕನ್ನು ತಳ್ಳಿಕೊಂಡು ಮನೆಗೆ ಬಂದೆ.

ನಮ್ಮ ಜಗುಲಿಯಲ್ಲಿ ಕಂಬಳಿ ಹಾಸಿ ಎಲ್ಲವನ್ನೂ ಬಿಚ್ಚಿದೆ. ಮುಂದಿನ ಫೋರ್ಕು ಎಡಕ್ಕೆ ಬಾಗಿತ್ತು. ಮುಂದಿನ ರಿಮ್ಮು ಸೊಟ್ಟಗಾಗಿತ್ತು. ಎಡಗಡೆಯ ಕಾಲು ಇಡುವ ಕಂಬಿ ಮೇಲಕ್ಕೆ ಮಡಚಿಕೊಂಡಿತ್ತು. ಸೈಲೆನ್ಸರ್ ತಲೆಕೆಳಗು ಮಾಡಿ ಬಡಿದಾಗ ಮರಳೂ ನುಣ್ಣನೆಯ ಸಣ್ಣ ಕಲ್ಲುಗಳೂ ಬಿದ್ದವು. ಎಂಜಿನ್ನಿನೊಳಗೂ ಹೊಳೆಯ ಮಣ್ಣು ಗಟ್ಟಿಯಾಗಿ ಕೂತಿತ್ತು. ಪಿಸ್ಟನ್ ಅಲುಗಾಡುತ್ತಿರಲಿಲ್ಲ. ದೊಡ್ಡಿಗೆ ಯಾವಾಗಲೋ ಕಾಲುವೆಯ ನೀರು ನುಗ್ಗಿರಬೇಕು ಎಂದುಕೊಂಡೆ. ಮುಂದಕ್ಕೆ ಯೋಚನೆ ಮಾಡಲಿಲ್ಲ.

ಬೇರಿಂಗ್ ಬಿಡಿಸಲು ಎಂಜಿನ್ ಕವಚವನ್ನು ಬಿಸಿ ಮಾಡಬೇಕಿತ್ತು. ಅನಿಪಾ ರೊಟ್ಟಿ ಸುಡುವ ಒಲೆಯೊಳಗೆ ಇಟ್ಟೆ. ಅವಳು ಪಕ್ಕದ ಮನೆಯಿಂದ ಬಂದವಳು ಒಲೆಯ ಮುಚ್ಚಳ ತೆಗೆದು ನೋಡಿ, “ಚೆನ್ನಾಗಿ ಬೇಯ್ಲಿ. ನಾಳೆಯಿಂದ ಬೇರಿಂಗೇ ಚಾಯಲ್ಲಿ ಅದ್ಕೊಂಡು ತಿನ್ನು” ಎಂದಳು. ನಾಲ್ಕು ದಿನ ರೊಟ್ಟಿಗೆ ಗ್ರೀಸಿನ ವಾಸನೆ ಇತ್ತು. ಆದರೂ ಸಂಜೆ ನಾನು ಸ್ಪೋಕು ಉಜ್ಜುವಾಗ ಅವಳೂ ಒಂದು ಚಿಂದಿ ಬಟ್ಟೆ ಹಿಡಿದು ಎದುರಿಗೆ ಕೂರುತ್ತಿದ್ದಳು.

ಮೇ ತಿಂಗಳ ಕೊನೆಗೆ ತೊಲೊಮುಷ್ ಮಾವ ಊರಿಗೆ ಬಂದರು. ಕಣ್ಣು ಚೆನ್ನಾಗಿ ಕಾಣುತ್ತಿತ್ತು. ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಅಂಗಳಕ್ಕೆ ಬಂದವರು ಬೈಕನ್ನು ನೋಡಿ ಗೋಡೆಗೆ ಕೈ ಕೊಟ್ಟು ನಿಂತರು. ಯಾರು ಕೊಟ್ಟದ್ದು ಎಂದು ಕೇಳಿದರು. ಅತ್ತೆ ಕೊಟ್ಟರು ಎಂದೆ. “ಏನಾದ್ರೂ ಮಾಡ್ಕೋ. ಆ ಹಸಿರನ್ನ ಮಾತ್ರ ಕೆರೀಬೇಡ. ಹಳೇ ಬಣ್ಣ ಗಟ್ಟಿ ಇರುತ್ತೆ” ಎಂದರು. ಅವತ್ತು ಮಾಂಸ ಮುಟ್ಟಲಿಲ್ಲ. ಆಪರೇಷನ್ ಆದವರಿಗೆ ಹಸಿವು ಕಡಿಮೆ ಎಂದು ಅನಿಪಾ ಸಮಾಧಾನ ಹೇಳಿಕೊಂಡಳು.

ಜೂನ್ ಎರಡನೇ ವಾರ ಟ್ಯಾಂಕಿನ ತಳದಲ್ಲಿ ಸೋರಿಕೆ ಕಂಡಿತು. ಬೆಸುಗೆ ಹಾಕಿಸಬೇಕಾದರೆ ಬಣ್ಣ ತೆಗೆಯಲೇಬೇಕು. ಮಾವನ ಮಾತನ್ನು ಮುದುಕರ ಮಾತು ಎಂದು ಬಿಟ್ಟು, ಎಮರಿ ಪೇಪರ್ ಹಾಕಿ ಉಜ್ಜಿದೆ. ಹಸಿರಿನ ಕೆಳಗೆ ಕಡುಗೆಂಪು ಬಂತು. ಎಡಗಡೆ ಉಜ್ಜುತ್ತಿದ್ದಾಗ ಬಿಳಿ ಬಣ್ಣದ ಕಿವಿ ಬಂತು, ಆಮೇಲೆ ಕುತ್ತಿಗೆ. ಎಮರಿ ಬಿಟ್ಟು ಬಟ್ಟೆಗೆ ಸೀಮೆಎಣ್ಣೆ ಅದ್ದಿ ನಿಧಾನವಾಗಿ ಒರೆಸಿದೆ. ಅದು ಕೈಯಲ್ಲಿ ಬರೆದ ಒಂದು ಕುದುರೆಮರಿ. ಮೂರೇ ಕಾಲಿತ್ತು. ನಾಲ್ಕನೆಯದನ್ನು ಬರೆದೇ ಇರಲಿಲ್ಲ. ಅನಿಪಾಳನ್ನು ಕರೆದು ತೋರಿಸಿದೆ. ಇಬ್ಬರೂ ನಕ್ಕೆವು.

ಜೂನ್ ಹದಿನಾರು, ಭಾನುವಾರ, ಟ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಚಾಯೆಕ್ ಸಂತೆಗೆ ಹೋದೆ. ಬೆಸುಗೆಯವನು ಊಟಕ್ಕೆ ಹೋಗಿದ್ದ. ಟ್ಯಾಂಕನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಅವನ ಅಂಗಡಿಯ ಮುಂದೆ ಕೂತಿದ್ದೆ. ಪಕ್ಕದಲ್ಲಿ ಒಣಮೊಸರಿನ ಉಂಡೆ ಮಾರುತ್ತಿದ್ದ ಹೆಂಗಸು ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕುದುರೆಮರಿಯ ಮೇಲೆ ಬೆರಳಿಟ್ಟರು.

“ಇದು ನಿಮಗೆಲ್ಲಿ ಸಿಕ್ತು?”

ಸಂಬಂಧಿಕರ ಕೊಟ್ಟಿಗೆಯಲ್ಲಿ ಎಂದೆ.

“ಇದನ್ನ ನಾನು ಬರೆದದ್ದು ಅಣ್ಣಾ. ನನಗಾಗ ಹದಿನಾಲ್ಕು. ಬಣ್ಣ ಮುಗಿದುಹೋಯ್ತು. ಕುಂಟು ಕುದುರೆ ಮೇಲೆ ಕೂರಿಸಿದೀಯಲ್ಲೇ ಅಂತ ನಮ್ಮಣ್ಣ ನನ್ನನ್ನ ರೇಗಿಸ್ತಾ ಇದ್ದ” ಎಂದರು. ಅವರ ಗಿರಾಕಿಯೊಬ್ಬಳು ಕರೆದಳು, ಅವರಿಗೆ ಕೇಳಿಸಲಿಲ್ಲ.

ಅವರ ಹೆಸರು ಕುಲುಯ್ಪಾ. ನದಿಯ ಮೇಲ್ಭಾಗದ ಕಾರಾ-ತಲ್ ಹಳ್ಳಿಯವರು. ಅವರು ಹೇಳಿದ್ದಿಷ್ಟು. ಅವರ ಅಣ್ಣ ಅಸಾನ್‌ಗಾಜಿ, ಆಗ ಇಪ್ಪತ್ತೆರಡು ವರ್ಷ, ಕುರಿಯ ಉಣ್ಣೆ ಕತ್ತರಿಸುವ ಯಂತ್ರಗಳ ರಿಪೇರಿ ಮಾಡುತ್ತಿದ್ದರು. 1988ರ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಈ ಬೈಕಿನಲ್ಲಿ ಚಾಯೆಕ್‌ಗೆ ಹೊರಟವರು ಮನೆಗೆ ಬರಲಿಲ್ಲ. ಅದೇ ವಾರ ಊರಿನ ಲೆಕ್ಕದವನ ಮಗಳೂ ಯಾರಿಗೂ ಹೇಳದೆ ರಾಜಧಾನಿಗೆ ಹೋಗಿದ್ದಳು. ಇಬ್ಬರೂ ಕೂಡಿಯೇ ಓಡಿಹೋದರು ಎಂದು ಊರೆಲ್ಲ ಮಾತಾಡಿತು. ಎರಡು ವರ್ಷದ ಮೇಲೆ ಆ ಹುಡುಗಿ ಬೇರೊಬ್ಬನ ಹೆಂಡತಿಯಾಗಿ ಬಂದು, ನಾನು ಅವನನ್ನು ನೋಡಿಯೇ ಇಲ್ಲ ಎಂದಳು. ಯಾರೂ ನಂಬಲಿಲ್ಲ. ತಮ್ಮ ತಾಯಿಯನ್ನು ನೀರು ತರುವ ಜಾಗದಲ್ಲಿ ಕೂಡ ಕೆಣಕುತ್ತಿದ್ದರಂತೆ.

ಕೊಟ್ಟಿಗೆ ಯಾರದು ಎಂದು ಅವರು ಕೇಳಿದರು. ಹಸಿರನ್ನು ಕೆರೆಯಬೇಡ ಎಂಬ ಮಾತು ಆಗ ನನ್ನ ತಲೆಗೆ ಬಂತು. ಹೆಸರು ಹೇಳಲಿಲ್ಲ. ನನ್ನ ಮನೆ ಎಲ್ಲಿ ಎಂದು ಮಾತ್ರ ಹೇಳಿದೆ. ಬುಧವಾರ ಬರುತ್ತೇನೆ ಎಂದರು. ಬೆಸುಗೆ ಹಾಕಿಸದೆ ವಾಪಸು ಬಂದೆ.

ಅವತ್ತೇ ಸಂಜೆ ಮಾವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದು ಟ್ಯಾಂಕನ್ನು ಮುಂದಿಟ್ಟೆ. ಅನಿಪಾ ಅಲ್ಲೇ ಇದ್ದಳು. ಮಾವ ತಲೆ ಎತ್ತದೆಯೇ ಹೇಳಿದರು. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

“ಬೇಸಿಗೆ ಹುಲ್ಲುಗಾವಲಿನಿಂದ ಕುದುರೆ ಹೊಡ್ಕೊಂಡು ಇಳೀತಾ ಇದ್ದೆ. ಕೊಕೊಮೆರೆನ್ ನದಿ ತಿರುಗೋ ಕಡೆ ನೀರಂಜೀ ಪೊದೇಲಿ ಇದು ಸಿಕ್ಕಾಕ್ಕೊಂಡಿತ್ತು. ಅರ್ಧ ನೀರಲ್ಲಿ, ಅರ್ಧ ಮೇಲೆ. ಕೂಗಿದೆ. ಯಾರೂ ಇರಲಿಲ್ಲ. ದಡದುದ್ದಕ್ಕೂ ನೋಡಿದೆ, ಆಣೆ ಮಾಡಿ ಹೇಳ್ತೀನಿ. ಮಾರನೇ ದಿನ ಗಾಡಿ ತಗೊಂಡ್ ಹೋಗಿ ಎತ್ತಿಕೊಂಡು ಬಂದೆ. ಜೀವಮಾನ ಎಲ್ಲಾ ಕುದುರೆ ಬೆನ್ನ ಮೇಲೇ ಕಳೆದೆ. ನನಗೂ ಒಂದು ಎಂಜಿನ್ ಇರ್ಲಿ ಅನ್ನಿಸ್ತು. ಆಮೇಲೆ ಕಾರಾ-ತಲ್ ಹುಡುಗ ಕಾಣ್ತಿಲ್ಲ ಅಂತ ಗೊತ್ತಾಯ್ತು. ಬೈಕು ನನ್ನ ದೊಡ್ಡೀಲಿ. ನಾನೇ ಕೊಂದೆ ಅಂದ್ರೆ ಏನ್ ಮಾಡ್ಲಿ? ಹಸಿರು ಬಳಿದೆ. ಅವನು ಓಡಿಹೋದ ಅಂತ ಜನ ಅಂದಾಗ, ನಾನೂ ಹೌದು ಅಂದ್ಕೊಂಡೆ. ಅಂದ್ಕೊಂಡಿದ್ದು ಸುಳ್ಳು ಅಂತ ನನಗೆ ಗೊತ್ತಿತ್ತು.”

ಆಮೇಲೆ ನನ್ನ ಮೊಣಕೈ ಹಿಡಿದು, “ಮತ್ತೆ ಬಣ್ಣ ಬಳಿದುಬಿಡಪ್ಪಾ. ಆ ತಾಯಿಗೆ ಎಂಬತ್ತು ದಾಟಿದೆ. ಇನ್ನೆಷ್ಟು ದಿನ?” ಎಂದರು. ನಾನು ಟ್ಯಾಂಕನ್ನು ಮತ್ತೆ ಚೀಲಕ್ಕೆ ಹಾಕಿದೆ. ಅವರು ಎದ್ದು ಹೋದರು.

ಅನಿಪಾ ನನ್ನ ಮೇಲೆ ಜಗಳಕ್ಕೆ ಬಂದಳು. “ಅಪ್ಪ ಸತ್ತಾಗ ನನ್ನನ್ನ ಕುದುರೆ ಮೇಲೆ ಮುಂದೆ ಕೂರಿಸ್ಕೊಂಡು, ತನ್ನ ಕೋಟು ಹೊದಿಸಿ ಕರ್ಕೊಂಡು ಬಂದವರು ಅವರು. ಅವರನ್ನ ಪೊಲೀಸರ ಮುಂದೆ ನಿಲ್ಲಿಸ್ತೀಯಾ?” ಎಂದಳು. ಬುಧವಾರ ಆಕೆ ಬಂದರೆ ನಾನೇನು ಹೇಳಲಿ ಎಂದು ಕೇಳಿದೆ. “ಸುಳ್ಳು ಹೇಳು. ದಿನಾ ಹೇಳಲ್ವಾ, ಇವತ್ತೇ ಬೈಕು ಮುಗಿಯುತ್ತೆ ಅಂತ? ಹಾಗೇ ಹೇಳು” ಎಂದಳು. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾನು ಬೈಕಿನ ಹತ್ತಿರ ಹೋಗಲಿಲ್ಲ.

ಹತ್ತೊಂಬತ್ತನೇ ತಾರೀಕು ಕುಲುಯ್ಪಾ ಒಬ್ಬರೇ ಬರುತ್ತಾರೆ ಎಂದುಕೊಂಡಿದ್ದೆವು. ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಹೆಸರು ಬಾತ್ಮಾ. ವಯಸ್ಸು ಎಂಬತ್ತನಾಲ್ಕು. ಅವರು ಜಗುಲಿ ಹತ್ತಿ, ಬೈಕಿನ ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು ನಿಂತರು. ಆ ಸೀಟಿನ ಚರ್ಮ ಹರಿದು ಸ್ಪ್ರಿಂಗು ಕಾಣುತ್ತಿತ್ತು. ಹೊಸ ಹೊದಿಕೆ ಹಾಕಿಸಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಆಮೇಲೆ ಅವರನ್ನು ಚಾಗೆ ಕೂರಿಸಿದೆವು.

“ಇದು ಯಾರ ಕೊಟ್ಟಿಗೇಲಿತ್ತು ಮಗಾ?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಚಾ ಬಗ್ಗಿಸುತ್ತಿದ್ದ ಅನಿಪಾ ತಲೆ ಎತ್ತದೆ, “ನಮ್ಮ ಸೋದರಮಾವನ ಕೊಟ್ಟಿಗೇಲಿ ಅಜ್ಜೀ. ತೊಲೊಮುಷ್ ಅಂತ. ಮೂರು ಮನೆ ಆಚೆ” ಎಂದಳು. ಬಟ್ಟಲು ತುಂಬಿ ಹಾಸಿನ ಮೇಲೆ ಚೆಲ್ಲಿತು. ಅವಳು ಬಗ್ಗಿಸುವುದನ್ನು ನಿಲ್ಲಿಸಿರಲಿಲ್ಲ.

ನಾಲ್ವರೂ ಮಾವನ ಮನೆಗೆ ಹೋದೆವು. ಅವರು ಬಾಗಿಲ ಮುಂದಿನ ಬೆಂಚಿನಲ್ಲಿದ್ದರು. ಬಾತ್ಮಾ ಅಜ್ಜಿಯನ್ನು ನೋಡಿ ಎದ್ದು ಟೋಪಿ ತೆಗೆದರು. ನಮಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ಏನನ್ನೂ ಬಿಡಲಿಲ್ಲ. ಮುಗಿದ ಮೇಲೆ ಅಜ್ಜಿ ಕೇಳಿದರು.

“ನಮ್ಮ ಮನೆಗೆ ಬಂದಿದೀಯಾ ನೀನು?”

“ಬಂದಿದೀನಿ ಅಕ್ಕಾ. ಕುಲುಯ್ಪಾ ಮದುವೇಲಿ. ನಿಮ್ಮ ಯಜಮಾನರು ಹೋದಾಗ.”

“ಚಾ ಕುಡಿದ್ಯಾ?”

“ಕುಡಿದೆ.”

ಕುಲುಯ್ಪಾ ಅತ್ತ ತಿರುಗಿ ನಿಂತರು. ಅಜ್ಜಿ, ದಾರಿಯಲ್ಲಿ ಗುರುತು ಏನಾದರೂ ಇತ್ತೇ ಎಂದು ಕೇಳಿದರು. ಟೈರಿನ ಗೆರೆ ರಸ್ತೆಯಿಂದ ಜಾರಿ ದಡ ಇಳಿದಿತ್ತು ಎಂದು ಮಾವ ಹೇಳಿದರು.

“ಯಾವ ಕಡೆಯಿಂದ ಬಂದಿತ್ತು ಗೆರೆ? ಸರಿಯಾಗಿ ಯೋಚನೆ ಮಾಡಿ ಹೇಳು.”

“ಯೋಚನೆ ಏನು ಅಕ್ಕಾ, ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ಚಾಯೆಕ್ ಕಡೆಯಿಂದ. ನಿಮ್ಮೂರಿನ ಕಡೆ ಬರ್ತಾ ಇತ್ತು.”

“ಬರ್ತಾ ಇತ್ತು” ಎಂದು ಅಜ್ಜಿ ಹೇಳಿದರು. ಮಗಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. “ಕೇಳಿಸ್ತೇನೇ? ಮನೇಗ್ ಬರ್ತಾ ಇದ್ದ.” ಆಮೇಲೆ ಬೆಂಚಿನ ಮೇಲೆ ಕೂತು, ಮಗುವಿನ ಹಾಗೆ ದನಿ ತೆಗೆದು ಅತ್ತರು.

ಮಾರನೇ ದಿನ, ಗುರುವಾರ, ಪಕ್ಕದ ಮನೆಯವರ ಕಾರಿನಲ್ಲಿ ಐವರೂ ನದಿಗೆ ಹೋದೆವು. ಮಾವ ಜಾಗ ತೋರಿಸಿದರು. ನದಿ ಈಗ ಆಚೆಗೆ ಸರಿದಿದೆ. ಹಳೆಯ ಪಾತ್ರದಲ್ಲಿ ಕಲ್ಲು, ಪೊದೆ ತುಂಬಿವೆ. ನಾವು ಯಾರೂ ಅಗೆಯಲಿಲ್ಲ, ಏನನ್ನೂ ಮುಟ್ಟಲಿಲ್ಲ. ಗುರುತಿಗೆ ಒಂದು ಕಂಬ ನೆಟ್ಟಿದ್ದೇನೆ. ಸಾಲಾಗಿ ಕೂತೆವು, ನನಗೆ ಬರುವ ಪ್ರಾರ್ಥನೆಯನ್ನು ಓದಿದೆ. ಮಾವ ಹತ್ತಿರ ಬರಲಿಲ್ಲ, ಕಾರಿನ ಪಕ್ಕ ನಿಂತಿದ್ದರು. ಅಜ್ಜಿಯೂ ಕರೆಯಲಿಲ್ಲ. ಅನಿಪಾ ನಮ್ಮ ಸಾಲಿನಿಂದ ಎದ್ದು ಹೋಗಿ ಮಾವನ ಪಕ್ಕದಲ್ಲಿ ನಿಂತು ಅಲ್ಲಿಂದಲೇ ಪ್ರಾರ್ಥನೆಗೆ ಕೈ ಎತ್ತಿದಳು.

ಅಲ್ಲಿಂದ ನೇರವಾಗಿ ಠಾಣೆಗೆ ಹೋಗೋಣ ಎಂದು ನಾನು ಹೇಳಿದ್ದೆ. ಎರಡು ದಿನ ತಡವಾಗಿ ಬಂದದ್ದೇಕೆ ಎಂದು ತಾವು ಕೇಳಿದ್ದಕ್ಕೆ ಉತ್ತರ ಇದು. ಬಾತ್ಮಾ ಅಜ್ಜಿ ಒಪ್ಪಲಿಲ್ಲ. “ಠಾಣೆ ಎಲ್ಲಿಗೂ ಓಡಿಹೋಗಲ್ಲ. ನಾಳೆ ಶುಕ್ರವಾರ, ಸತ್ತವರಿಗೆ ಹಿಟ್ಟು ಕರಿಯೋ ದಿನ. ಮೊದಲು ನನ್ನ ಮಗನ ಹೆಸರಲ್ಲಿ ಎಣ್ಣೆ ಕಾಯಿಸ್ತೀನಿ, ವಾಸನೆ ಅವನಿಗೂ ಮುಟ್ಟಲಿ. ಇಷ್ಟು ವರ್ಷ ಕರಿಯುವಾಗ ಸತ್ತವರದ್ದೆಲ್ಲಾ ಹೆಸರು ಹೇಳ್ದೆ, ಅವನ ಹೆಸರು ಬಾಯಿಗೆ ಬಂದ್ರೆ ನುಂಗ್ಕೊಂಡೆ. ಆಮೇಲೆ ನೀವು ಏನು ಬೇಕಾದ್ರೂ ಬರೆಸ್ಕೊಳ್ಳಿ” ಎಂದರು.

ನಿನ್ನೆ ಶುಕ್ರವಾರ ಕಾರಾ-ತಲ್‌ನಲ್ಲಿ ಅವರ ಮನೆಯಲ್ಲಿ ಹಾಗೆಯೇ ಆಯಿತು. ನಾನೂ ಅನಿಪಾಳೂ ಹೋಗಿದ್ದೆವು. ಹಿಟ್ಟು ನಾದಿದ್ದು, ಕರಿದದ್ದು ಎಲ್ಲ ಅಜ್ಜಿಯೇ. ಬೀದಿಯ ಜನವೆಲ್ಲ ಬಂದಿದ್ದರು. ಹಿಂದೆ ಮಾತಾಡಿದವರೂ ಬಂದಿದ್ದರು ಎಂದು ಕುಲುಯ್ಪಾ ಹೇಳಿದರು. ಹೊರಡುವಾಗ ಅಜ್ಜಿ ಒಂದು ತಟ್ಟೆ ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ, ಅನಿಪಾಳ ಕೈಯಲ್ಲಿ ಕೊಟ್ಟು, “ನಿಮ್ಮ ಮಾವನಿಗೆ ಕೊಡು. ತಿಂತಾನೋ ಬಿಡ್ತಾನೋ ಅವನಿಷ್ಟ” ಎಂದರು. ಅನಿಪಾ ತಟ್ಟೆಯನ್ನು ತಲುಪಿಸಿದಳು. ಮಾವ ತಿಂದರೋ ಇಲ್ಲವೋ ನಾನು ನೋಡಿಲ್ಲ.

ಮಾವ ಈಗ ಈ ಠಾಣೆಯ ಹೊರಗಿನ ಬೆಂಚಿನಲ್ಲಿದ್ದಾರೆ. ಅವರೇ ಬಂದದ್ದು, ನಾನು ಕರೆತಂದದ್ದಲ್ಲ. ಅವರ ಪಕ್ಕದಲ್ಲಿ ಅನಿಪಾ ಇದ್ದಾಳೆ. ಬೈಕು ನನ್ನ ಜಗುಲಿಯಲ್ಲಿದೆ. ಅದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ತನಿಖೆಗೆ ಒಯ್ಯುವುದಾದರೆ ಸಿಲಿಂಡರ್ ತೆರೆದಿದೆ, ಮಳೆಗೆ ಇಡಬಾರದು. ತಾವು ಬಿಟ್ಟುಕೊಟ್ಟ ಮೇಲೆ ಕೆಲಸ ಮುಗಿಸಿಕೊಡಬೇಕೆಂದು ಕುಲುಯ್ಪಾ ಕೇಳಿದ್ದಾರೆ. ಮುಗಿಸಿಕೊಡುತ್ತೇನೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿಲ್ಲ. ಠಾಣೆಯವರು ಹಚ್ಚಿದ ಮುಖಪುಟದ ಒಂದು ಕಡೆ ಅಸಾನ್‌ಗಾಜಿಯವರನ್ನು ‘ಮನೆ ಬಿಟ್ಟು ಹೋದವರು’ ಎಂದು ಬರೆದಿದ್ದನ್ನು ನನ್ನ ಕೋರಿಕೆಯಂತೆ ಹೊಡೆದುಹಾಕಿ, ‘ಮನೆಗೆ ಬರುತ್ತಿದ್ದವರು’ ಎಂದು ತಿದ್ದಲಾಗಿದೆ. ತಿದ್ದಿದ ಜಾಗದಲ್ಲೂ ನನ್ನ ಸಹಿ ಇದೆ.

ಸ್ಥಳ: ಚಾಯೆಕ್
ತಾರೀಕು: 22 ಜೂನ್ 2019
ಸಹಿ: ಸತಾರ್‌ಕುಲ್