ಲಾಸ್ಮಿಯ ಕೋಳಿ

ಬ್ರೋಮೋ ಜ್ವಾಲಾಮುಖಿಗೆ ಕಾಣಿಕೆ ಎಸೆಯುವ ಕಸಾದಾ ಹಬ್ಬದ ಮುನ್ನಾದಿನ. ಸುಕಾಪುರದಲ್ಲಿ ವ್ಯಾನಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಒಬ್ಬ ಗಂಡ, ಹೆಂಡತಿ. ಅವಳ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬಿಳಿ ಕೋಳಿ.

“ರಾತ್ರಿ ಬೆಟ್ಟದ ಬುಡದಲ್ಲೇ ಉಳ್ಕೊಂಡು, ನಸುಕಲ್ಲಿ ಮೇಲೆ ಹತ್ತೋಣ ರೀ.”

“ಮಗಳೇ ಉಳೀಲಿಲ್ಲ, ಇನ್ನೆಂಥ ಹರಕೆ ಕಣೇ?”

“ಜ್ವರ ಬಿಟ್ರೆ ನನ್ನ ಕೋಳಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದು ಲಾಸ್ಮಿನೇ ಅಲ್ವಾ? ಅವಳ ಮಾತಾದ್ರೂ ಉಳೀಲಿ.”

“ಹಾಗಿದ್ರೆ ದೂರಕ್ಕೆ ಬೀಸಿ ಎಸೀತೀನಿ. ಇಲ್ದಿದ್ರೆ ಬೆಟ್ಟದ ಬಾಯೊಳಗೆ ಇಳಿದು ಬಲೆ ಹಿಡ್ಕೊಂಡು ನಿಂತಿರ್ತಾರಲ್ಲ, ಅವರ ಪಾಲಾಗುತ್ತೆ.”

“ಬೇಡ ರೀ. ಬಲೆಯವರ ಕಡೆಗೇ ಎಸೀರಿ. ಇದಾದ್ರೂ ಬದುಕ್ಲಿ.”

ವ್ಯಾನ್ ಬಂತು. ಗಂಡ ಬುಟ್ಟಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಎತ್ತಿಕೊಂಡು ಹತ್ತಿದ.